ಕಿಡ್ನಿ ವರದಿಯಲ್ಲಿ ‘ನಾಲ್ಕನೆಯ ಹಂತ’ ಎಂದಿದ್ದರೆ: ಮನೆಯವರಿಗೆ ಒಂದು ವಿವರಣೆ

ರಕ್ತಪರೀಕ್ಷೆಯ ವರದಿಯಲ್ಲಿ ಇಪ್ಪತ್ತು ಸಾಲುಗಳಿದ್ದರೂ ಕಣ್ಣು ಹೋಗುವುದು ದಪ್ಪಕ್ಷರದಲ್ಲಿ ಅಚ್ಚಾದ ಒಂದೇ ಸಾಲಿಗೆ: ಕ್ರಿಯಾಟಿನಿನ್ 3.2. ವೈದ್ಯರು ಅದರ ಕೆಳಗಿನ ಇನ್ನೊಂದು ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿ, ‘ಕಿಡ್ನಿ ಕಾಯಿಲೆ, ನಾಲ್ಕನೆಯ ಹಂತ’ ಎನ್ನುತ್ತಾರೆ. ಆಮೇಲೆ ಅವರು ಹತ್ತು ನಿಮಿಷ ಮಾತಾಡಿರಬಹುದು. ಮನೆಗೆ ಬಂದು ನೆನಪಿಸಿಕೊಂಡರೆ ಒಂದು ಮಾತೂ ತಲೆಯಲ್ಲಿ ಉಳಿದಿರುವುದಿಲ್ಲ. ತಂದೆಯೋ ತಾಯಿಯೋ ಎದುರಿಗೇ ಕುಳಿತಿದ್ದಾರೆ, ಎಂದಿನಂತೆ ಪತ್ರಿಕೆ ಓದುತ್ತಿದ್ದಾರೆ. ಅವರನ್ನು ನೋಡಿದರೆ ರೋಗಿಯ ಹಾಗೆ ಕಾಣುವುದೂ ಇಲ್ಲ.

ಅಂಥ ದಿನ ಮನೆಯವರ ತಲೆಯಲ್ಲಿ ಏಳುವ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಲು ಈ ಬರಹ ಯತ್ನಿಸುತ್ತದೆ. ಚಿಕಿತ್ಸೆಯ ನಿರ್ಧಾರ ನಿಮ್ಮ ಕಿಡ್ನಿ ತಜ್ಞರದು. ಆದರೆ ಅವರ ಮಾತು ಕಿವಿಗೆ ಬಿದ್ದಾಗ ಅರ್ಥವಾಗಬೇಕಾದರೆ ಒಂದಿಷ್ಟು ಹಿನ್ನೆಲೆ ಬೇಕು.

ಹಂತ ಎಂದರೆ ಏನನ್ನು ಎಣಿಸುತ್ತಾರೆ?

‘ನಾಲ್ಕನೆಯ ಹಂತ’ ಎಂಬ ಮಾತು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರುವುದು ಕ್ಯಾನ್ಸರ್ ಸುದ್ದಿಯ ಜೊತೆಗೆ. ಅಲ್ಲಿ ಅದರ ಅರ್ಥ, ರೋಗ ದೇಹದ ದೂರದ ಭಾಗಗಳಿಗೂ ಹರಡಿದೆ ಎಂದು. ಎದೆ ಧಸಕ್ಕೆನ್ನುವುದು ಆ ನೆನಪಿನಿಂದ. ಕಿಡ್ನಿಯ ವಿಷಯದಲ್ಲಿ ಎಣಿಸುವುದೇ ಬೇರೆ. ಕಿಡ್ನಿಗಳಲ್ಲಿ ಕೆಲಸ ಮಾಡುವ ಶಕ್ತಿ ಎಷ್ಟು ಉಳಿದಿದೆ ಎಂಬುದಷ್ಟೇ ಇಲ್ಲಿನ ಲೆಕ್ಕ.

ಒಟ್ಟು ಐದು ಹಂತಗಳು. ಕಿಡ್ನಿಗಳು ಎಷ್ಟು ಸೋಸುತ್ತಿವೆ ಎಂದು ಅಂದಾಜಿಸುವ ಇಜಿಎಫ್‌ಆರ್ ಎಂಬ ಅಂಕಿ 90 ಅಥವಾ ಅದಕ್ಕಿಂತ ಹೆಚ್ಚಿದ್ದು ಬೇರೆ ಹಾನಿಯ ಕುರುಹು ಇದ್ದರೆ ಒಂದನೆಯದು, ಅಂಥದೇ ಕುರುಹಿನೊಡನೆ 60ರಿಂದ 89 ಇದ್ದರೆ ಎರಡನೆಯದು, 30ರಿಂದ 59 ಮೂರನೆಯದು, 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು. ಈ ಸ್ಥಿತಿ ಕನಿಷ್ಠ ಮೂರು ತಿಂಗಳು ಹಾಗೆಯೇ ಇದ್ದರೆ ಮಾತ್ರ ‘ದೀರ್ಘಕಾಲದ ಕಿಡ್ನಿ ಕಾಯಿಲೆ’ ಎನ್ನುತ್ತಾರೆ. ವಾಂತಿ ಭೇದಿಯಿಂದ ನೀರು ಕಳೆದುಕೊಂಡ ದಿನ, ಮೂತ್ರದ ದಾರಿಗೆ ಕಲ್ಲು ಅಡ್ಡ ಬಂದ ದಿನ ಅಂಕಿ ದಿಢೀರನೆ ಕುಸಿದು, ಸರಿಪಡಿಸಿದ ಮೇಲೆ ಮೇಲೇರುವುದೂ ಉಂಟು. ಆದ್ದರಿಂದ ಒಂದೇ ವರದಿ ಕೈಯಲ್ಲಿದ್ದರೆ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಇದು ಹಳೆಯದೋ, ಈಗಷ್ಟೇ ಆದದ್ದೋ?

ಹಳೆಯದೇ ಎಂದು ಖಚಿತವಾದರೆ ಹೋದ ಶಕ್ತಿ ಬಹುಮಟ್ಟಿಗೆ ಹಿಂತಿರುಗುವುದಿಲ್ಲ. ಅದನ್ನು ಮುಚ್ಚಿಟ್ಟು ಫಲವಿಲ್ಲ. ಆದರೆ ಈ ಕಾಯಿಲೆ ಸಾಮಾನ್ಯವಾಗಿ ನಿಧಾನಿ. ನಾಲ್ಕನೆಯ ಹಂತದಲ್ಲಿ ಕೆಲವರು ವರ್ಷಗಟ್ಟಲೆ ನಿಲ್ಲುತ್ತಾರೆ, ಕೆಲವರು ಐದನೆಯದಕ್ಕೆ ಹೋಗುವುದೇ ಇಲ್ಲ. ಹೋದವರಿಗೂ ಡಯಾಲಿಸಿಸ್ ಇದೆ, ಕಸಿ ಇದೆ. ಮನೆಯವರ ಕೈಯಲ್ಲಿ ಈಗ ಇರುವ ದೊಡ್ಡ ಆಸ್ತಿ ಸಮಯ. ಗಾಬರಿಯಲ್ಲಿ ಮೊದಲು ಪೋಲಾಗುವುದೂ ಅದೇ.

ಕಿಡ್ನಿ ದಿನವಿಡೀ ಏನು ಮಾಡುತ್ತದೆ?

ಮನೆಯ ಕಸ ತೆಗೆಯಲು ಎರಡು ದಾರಿಗಳಿವೆ. ಮೂಲೆ ಮೂಲೆ ಹುಡುಕಿ ಕಸ ಹೆಕ್ಕುವುದು ಒಂದು. ಮನೆಯೊಳಗಿನ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಸುರಿದು, ಬೇಕಾದ್ದನ್ನು ಮಾತ್ರ ಒಳಗೆ ಸೇರಿಸಿ, ಮಿಕ್ಕದ್ದನ್ನು ಎಸೆಯುವುದು ಇನ್ನೊಂದು. ಕೇಳಲು ಎರಡನೆಯದು ಹುಚ್ಚುತನ ಎನಿಸುತ್ತದೆ. ಕಿಡ್ನಿ ಮಾಡುವುದು ಅದನ್ನೇ. ಮುಷ್ಟಿ ಗಾತ್ರದ ಎರಡು ಅಂಗಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ಹೊರಹಾಕುತ್ತವೆ, ಮರುಕ್ಷಣವೇ ಅದರಲ್ಲಿ ಬಹುಪಾಲನ್ನು ವಾಪಸ್ ಎಳೆದುಕೊಳ್ಳುತ್ತವೆ. ಕೊನೆಗೆ ಮೂತ್ರವಾಗಿ ಹೋಗುವುದು ಒಂದೂವರೆ, ಎರಡು ಲೀಟರ್ ಮಾತ್ರ. ಈ ವಿಚಿತ್ರ ಕ್ರಮದಲ್ಲಿ ಒಂದು ಜಾಣತನವಿದೆ: ಯಾವುದು ಕಸ ಎಂದು ಮೊದಲೇ ತಿಳಿದಿರಬೇಕಾಗಿಲ್ಲ. ಯಾವುದು ಬೇಕು ಎಂಬುದು ತಿಳಿದಿದ್ದರೆ ಸಾಕು.

ಪ್ರತಿ ಕಿಡ್ನಿಯಲ್ಲಿ ಈ ಕೆಲಸಕ್ಕೆ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳಿವೆ. ನೆಫ್ರಾನ್ ಎಂದು ಅವುಗಳ ಹೆಸರು. ಸೋಸುವುದರ ಜೊತೆಗೆ ಕಿಡ್ನಿ ರಕ್ತದೊತ್ತಡವನ್ನು ಹದದಲ್ಲಿಡುತ್ತದೆ, ರಕ್ತ ಹುಳಿಯಾಗದಂತೆ ನೋಡಿಕೊಳ್ಳುತ್ತದೆ, ಮೂಳೆಗೆ ಬೇಕಾದ ಡಿ ಜೀವಸತ್ವವನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ, ಕೆಂಪು ರಕ್ತಕಣಗಳನ್ನು ತಯಾರಿಸಲು ಮೂಳೆಯ ಮಜ್ಜೆಗೆ ಹಾರ್ಮೋನಿನ ಮೂಲಕ ಹೇಳಿಕಳಿಸುತ್ತದೆ. ಕಿಡ್ನಿ ಸೋತವರಿಗೆ ರಕ್ತಹೀನತೆ ಏಕೆ, ಮೂಳೆಯ ಮಾತ್ರೆ ಏಕೆ, ಬಿಪಿ ಮಾತ್ರೆಗಳು ಮೂರು ನಾಲ್ಕು ಏಕೆ ಎಂಬುದಕ್ಕೆಲ್ಲ ಉತ್ತರ ಇಲ್ಲಿದೆ.

‘ಮೊದಲೇ ಯಾಕೆ ಗೊತ್ತಾಗಲಿಲ್ಲ?’ ಎಂದು ಮಕ್ಕಳು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಪ್ರಕೃತಿ ಕಿಡ್ನಿಯ ಶಕ್ತಿಯನ್ನು ಅಗತ್ಯಕ್ಕಿಂತ ಬಹಳ ಹೆಚ್ಚಾಗಿ ಕೊಟ್ಟಿರುವುದೇ ಕಾರಣ. ಒಂದು ಕಿಡ್ನಿ ದಾನ ಮಾಡಿದವರು ಇನ್ನೊಂದರಲ್ಲಿ ಆರಾಮವಾಗಿ ಬದುಕುವುದೂ ಇದರಿಂದಲೇ. ಅರ್ಧ ಹೋದರೂ ದೇಹ ದೂರುವುದಿಲ್ಲ. ಸುಸ್ತು, ಪಾದದ ಊತ, ತುರಿಕೆ, ಬಾಯಲ್ಲಿ ಲೋಹದ ರುಚಿ, ಊಟ ಕಂಡರೆ ಬೇಸರ, ಇವು ಕಾಣಿಸುವ ಹೊತ್ತಿಗೆ ಬಹುಪಾಲು ಶಕ್ತಿ ಖರ್ಚಾಗಿರುತ್ತದೆ. ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ ಈ ಹಾನಿಗೆ ಮುಖ್ಯ ಕಾರಣಗಳು. ಎರಡೂ ಸದ್ದಿಲ್ಲದೆ ಕೆಲಸ ಮಾಡುವಂಥವು. ಮೂತ್ರ ಸರಾಗವಾಗಿ ಹೋಗುತ್ತಿದೆಯಲ್ಲ ಎಂಬ ಸಮಾಧಾನವೂ ಮೋಸ ಮಾಡುತ್ತದೆ. ನೀರು ಹೊರಹೋಗುತ್ತಿದ್ದರೂ ಅದರೊಡನೆ ಹೋಗಬೇಕಾದ ಕಲ್ಮಷ ಒಳಗೇ ಉಳಿದಿರಬಹುದು.

ಎರಡು ಅಂಕಿಗಳು, ಮೂರನೆಯದೊಂದು

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ದಿನವೂ ಹೊರಬೀಳುವ ಕಸ. ಕಿಡ್ನಿ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಆದರೆ ಮೈಕಟ್ಟಿನ ಆಳಿನ ಸ್ನಾಯು ಬೇರೆ, ಸಣಕಲು ಮೈಯ ಅಜ್ಜಿಯ ಸ್ನಾಯು ಬೇರೆ. ಅದಕ್ಕೆ ಕ್ರಿಯಾಟಿನಿನ್, ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಸೂತ್ರಕ್ಕೆ ಹಾಕಿ ‘ಇಜಿಎಫ್‌ಆರ್’ ಲೆಕ್ಕ ಹಾಕುತ್ತಾರೆ. ಕಿಡ್ನಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು ಅದು. ಸುಮಾರಾಗಿ ‘ಶೇಕಡಾ ಇಷ್ಟು ಉಳಿದಿದೆ’ ಎಂದು ಓದಿಕೊಂಡರೆ ಮನೆಮಟ್ಟಿಗೆ ಸಾಕು.

62 ವರ್ಷದ ತಂದೆಯ ಕ್ರಿಯಾಟಿನಿನ್ 3.2 ಎಂದುಕೊಳ್ಳಿ. 2021ರ ಸೂತ್ರದ ಪ್ರಕಾರ ಅವರ ಇಜಿಎಫ್‌ಆರ್ ಸುಮಾರು 21. ಅದೇ ವಯಸ್ಸಿನ ತಾಯಿಗೆ ಅದೇ 3.2 ಬಂದಿದ್ದರೆ ಇಜಿಎಫ್‌ಆರ್ ಸುಮಾರು 16. ಹೀಗಾಗಿ ಪಕ್ಕದ ಮನೆಯವರ ಕ್ರಿಯಾಟಿನಿನ್ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಅದೇ ತಂದೆಯ ಕ್ರಿಯಾಟಿನಿನ್ ಎಂದೋ ಒಮ್ಮೆ 0.9ರಿಂದ 1.8ಕ್ಕೆ ಏರಿದಾಗ ಇಜಿಎಫ್‌ಆರ್ 97ರಷ್ಟಿದ್ದದ್ದು 42ಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಹೋಯಿತು, ಯಾರೂ ಗಮನಿಸಲಿಲ್ಲ. ಈಗ ಅದೇ 0.9ರಷ್ಟು ಏರಿಕೆಯಾಗಿ 3.2 ಇದ್ದದ್ದು 4.1 ಆದರೆ ಇಳಿಯುವುದು 21ರಿಂದ 16ಕ್ಕೆ. ಮನೆಯವರು ಕಂಗಾಲಾಗುವುದು ಎರಡನೆಯ ಸಲ. ದೊಡ್ಡ ನಷ್ಟವಾದದ್ದು ಮೊದಲನೆಯ ಸಲ. ಕ್ರಿಯಾಟಿನಿನ್ ನೋಡಿ ಹೆದರುವ ಬದಲು ಇಜಿಎಫ್‌ಆರ್ ಬರೆದಿಟ್ಟುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಬರೆದಿಡುವುದು ಎಂದರೆ ನಿಜವಾಗಿ ಬರೆದಿಡುವುದು. ಒಂದು ನೋಟ್‌ಬುಕ್, ದಿನಾಂಕ, ಪಕ್ಕದಲ್ಲಿ ಅಂಕಿ. ಹಳೆಯ ವರದಿಗಳನ್ನು ಕಪಾಟಿನಿಂದ ತೆಗೆದು ಅವನ್ನೂ ಸೇರಿಸಿ. ಐದಾರು ಅಂಕಿಗಳಾದರೆ ಗೆರೆಯ ಇಳಿಜಾರು ಕಾಣುತ್ತದೆ. ವರ್ಷಕ್ಕೆ ಮೂರರಂತೆ ಇಳಿಯುವ ಗೆರೆ 21ರಿಂದ 9ಕ್ಕೆ ಬರಲು ನಾಲ್ಕು ವರ್ಷ ಬೇಕು. ತಿಂಗಳಿಗೆ ಎರಡರಂತೆ ಇಳಿಯುತ್ತಿದ್ದರೆ ಆರೇ ತಿಂಗಳು. ಎರಡೂ ವರದಿಗಳಲ್ಲಿ ಇಂದು ಇರುವುದು ಅದೇ 21.

ಮೂರನೆಯ ಅಂಕಿ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನಿನದು. ಜರಡಿಯ ಕಣ್ಣು ಹರಿದಷ್ಟೂ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಿದಷ್ಟೂ ಇಳಿಜಾರು ಕಡಿದು. ವಯಸ್ಸು, ಲಿಂಗ, ಇಜಿಎಫ್‌ಆರ್, ಈ ಸೋರಿಕೆ, ಇವು ನಾಲ್ಕನ್ನು ಸೇರಿಸಿ ಮುಂದಿನ ಎರಡು ಮತ್ತು ಐದು ವರ್ಷಗಳಲ್ಲಿ ಡಯಾಲಿಸಿಸ್ ಬೇಕಾಗುವ ಸಂಭವ ಎಷ್ಟು ಎಂದು ಅಂದಾಜಿಸುವ ಲೆಕ್ಕವೂ ತಜ್ಞರ ಬಳಿ ಇದೆ. ಕೇಳಿದರೆ ಹೇಳುತ್ತಾರೆ. ಕೇಳುವುದೋ ಬೇಡವೋ ಎಂಬುದನ್ನು ಮಾತ್ರ ರೋಗಿಗೇ ಬಿಡಿ. ಕೆಲವರಿಗೆ ಆ ಸಂಖ್ಯೆ ಧೈರ್ಯ, ಕೆಲವರಿಗೆ ಅದು ನಿದ್ದೆಗೇಡು.

ಉಳಿದದ್ದನ್ನು ಉಳಿಸಿಕೊಳ್ಳುವುದು

ಹೆಚ್ಚು ಪರಿಣಾಮ ಕೊಡುವ ಕೆಲಸಗಳು ನೀರಸವಾಗಿರುತ್ತವೆ. ರಕ್ತದೊತ್ತಡ ವೈದ್ಯರು ಹೇಳಿದ ಮಟ್ಟದಲ್ಲಿರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು, ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು. ಅಂದರೆ ದಿನದ ಎಲ್ಲ ಊಟ, ತಿಂಡಿ ಸೇರಿ ಒಂದು ಟೀ ಚಮಚ.

ಔಷಧಿಗಳಲ್ಲಿ ಈಚಿನ ವರ್ಷಗಳಲ್ಲಿ ನಿಜವಾದ ಬದಲಾವಣೆ ಬಂದಿದೆ. ಸಕ್ಕರೆ ಕಾಯಿಲೆಗೆಂದು ತಯಾರಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಕಿಡ್ನಿಯ ಕುಸಿತವನ್ನು ನಿಧಾನಗೊಳಿಸುತ್ತವೆ ಎಂದು 2020ರಿಂದೀಚಿನ ದೊಡ್ಡ ಅಧ್ಯಯನಗಳು ತೋರಿಸಿದವು. ಇವನ್ನು ಸಾಮಾನ್ಯವಾಗಿ ಇಜಿಎಫ್‌ಆರ್ 20 ಅಥವಾ ಅದಕ್ಕಿಂತ ಮೇಲಿರುವಾಗ ಆರಂಭಿಸುತ್ತಾರೆ. 21ರಲ್ಲಿ ನಿಂತ ತಂದೆಗೆ ಬಾಗಿಲು ಇನ್ನೂ ತೆರೆದಿದೆ ಎಂದಾಯಿತು. ಎಲ್ಲರಿಗೂ ಹೊಂದುತ್ತದೆ ಎಂದಲ್ಲ, ಮುಂದಿನ ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ.

ಈ ಮಾತ್ರೆಗಳನ್ನೋ, ಕಿಡ್ನಿ ರಕ್ಷಣೆಗೆಂದು ಕೊಡುವ ಕೆಲವು ಬಿಪಿ ಮಾತ್ರೆಗಳನ್ನೋ ಶುರು ಮಾಡಿದ ಮೇಲೆ ಮೊದಲ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ತುಸು ಏರುವುದು ನಿರೀಕ್ಷಿತ. ಜರಡಿಯ ಮೇಲಿನ ಒತ್ತಡ ಇಳಿದುದರ ಗುರುತು ಅದು. ‘ಮಾತ್ರೆಯಿಂದ ಹೆಚ್ಚಾಯಿತು’ ಎಂದು ತಾವೇ ನಿಲ್ಲಿಸಿಬಿಡುವ ಮನೆಗಳುಂಟು. ಏರಿಕೆ ಎಷ್ಟಿದೆ, ಸಹಜವೇ ಎಂದು ವೈದ್ಯರನ್ನು ಕೇಳಿ, ಆಮೇಲೆ ನಿರ್ಧರಿಸಬೇಕು.

ತಪ್ಪಿಸಬೇಕಾದವುಗಳಲ್ಲಿ ಮೊದಲನೆಯದು ನೋವಿನ ಮಾತ್ರೆ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಪ್ಯಾರಾಸಿಟಮಾಲ್ ಹೇಳಿದ ಪ್ರಮಾಣದಲ್ಲಾದರೆ ಸಾಮಾನ್ಯವಾಗಿ ಪರವಾಗಿಲ್ಲ. ‘ಕಿಡ್ನಿ ಶುದ್ಧಿ’ ಎಂದು ಮಾರುವ ಪುಡಿ ಕಷಾಯಗಳನ್ನು, ಏನು ಬೆರೆಸಿದ್ದಾರೆಂದು ತಿಳಿಯದಿದ್ದರೆ ಮುಟ್ಟಬೇಡಿ. ಅರಿಸ್ಟೊಲೋಕಿಕ್ ಆಮ್ಲವಿರುವ ಗಿಡಮೂಲಿಕೆಗಳು ಆರೋಗ್ಯವಂತರ ಕಿಡ್ನಿಯನ್ನೂ ಕೆಡಿಸಿದ ದಾಖಲೆ ಇದೆ. ವಾಂತಿ ಭೇದಿಯಾದ ದಿನ ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರಿ. ಆ ದಿನ ಬಂದಾಗ ಕೇಳುವ ಪುರುಸೊತ್ತು ಇರುವುದಿಲ್ಲ.

ಅಡುಗೆಮನೆಯ ಗೊಂದಲ

ರೋಗ ಗೊತ್ತಾದ ವಾರವೇ ಮನೆಗೆ ಪಥ್ಯದ ಪಟ್ಟಿಗಳು ಹರಿದುಬರುತ್ತವೆ. ಒಬ್ಬರು ಹಣ್ಣು ಬೇಡ ಎನ್ನುತ್ತಾರೆ, ಇನ್ನೊಬ್ಬರು ಬೇಳೆ ಬೇಡ ಎನ್ನುತ್ತಾರೆ, ಮತ್ತೊಬ್ಬರು ದಿನಕ್ಕೆ ಐದು ಲೀಟರ್ ನೀರು ಕುಡಿಸಿ ಎನ್ನುತ್ತಾರೆ. ಎಲ್ಲವನ್ನೂ ಪಾಲಿಸಿದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಪಥ್ಯ ಹಂತದಿಂದ ಹಂತಕ್ಕೆ, ಮನುಷ್ಯರಿಂದ ಮನುಷ್ಯರಿಗೆ ಬೇರೆ. ಈ ತಿಂಗಳ ರಕ್ತಪರೀಕ್ಷೆ ನೋಡಿ ಆಹಾರ ತಜ್ಞರು ಹೇಳಿದ್ದಷ್ಟೇ ಲೆಕ್ಕಕ್ಕೆ ಬರುತ್ತದೆ.

ಪ್ರೋಟೀನಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಡಯಾಲಿಸಿಸ್‌ಗೆ ಮೊದಲು ಅದನ್ನು ಮಿತವಾಗಿಡಲು ಹೇಳುತ್ತಾರೆ, ಏಕೆಂದರೆ ಅದರ ಕಸವನ್ನು ಹೊರಹಾಕಬೇಕಾದದ್ದು ಕಿಡ್ನಿ. ಡಯಾಲಿಸಿಸ್ ಶುರುವಾದ ಮೇಲೆ ಮಾತು ತಿರುಗಿಬೀಳುತ್ತದೆ: ಚಿಕಿತ್ಸೆಯಲ್ಲೇ ಪ್ರೋಟೀನ್ ನಷ್ಟವಾಗುವುದರಿಂದ ಈಗ ಹೆಚ್ಚು ತಿನ್ನಬೇಕು. ಹಳೆಯ ಪಟ್ಟಿಯನ್ನೇ ಗೋಡೆಗೆ ಅಂಟಿಸಿಕೊಂಡು ಕುಳಿತವರು ಸೊರಗುತ್ತಾರೆ.

ಪೊಟ್ಯಾಸಿಯಂ ಇನ್ನೊಂದು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತ ತಪ್ಪುತ್ತದೆ, ಅನೇಕ ಸಲ ಮುನ್ಸೂಚನೆಯೇ ಇಲ್ಲದೆ. ವರದಿಯಲ್ಲಿ ಅದು ಏರಿದ್ದರೆ ತರಕಾರಿ ಹೆಚ್ಚಿ ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲುವ ಉಪಾಯ ಹೇಳಿಕೊಡುತ್ತಾರೆ. ಏರದವರು ಹಣ್ಣು ತರಕಾರಿ ಬಿಡಬೇಕಾಗಿಲ್ಲ. ಆದರೆ ಒಂದು ಪೊಟ್ಟಣದ ಬಗ್ಗೆ ಬಹಳ ಎಚ್ಚರ ಬೇಕು. ಉಪ್ಪು ಕಡಿಮೆ ಮಾಡಬೇಕು ಎಂದ ಕೂಡಲೇ ಕಾಳಜಿಯ ಮಗಳೊಬ್ಬಳು ‘ಕಡಿಮೆ ಸೋಡಿಯಂ ಉಪ್ಪು’ ಎಂಬ ಪೊಟ್ಟಣ ತರುತ್ತಾಳೆ ಎಂದುಕೊಳ್ಳಿ. ಹಿಂಬದಿಯ ಸಣ್ಣ ಅಕ್ಷರ ಓದಿದರೆ, ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ್ದಾರೆ. ಬೇರೆಯವರಿಗೆ ಹಿತವಾದ ಆ ಉಪ್ಪು ಇವರಿಗೆ ಜೀವಕ್ಕೇ ಅಪಾಯ ತರಬಹುದು. ಹಾಗೆಯೇ ದಾರೆಹುಳಿ ಎನ್ನುವ ನಕ್ಷತ್ರಾಕಾರದ ಹಣ್ಣು. ಅದರಲ್ಲಿರುವ ನಂಜನ್ನು ಸೋತ ಕಿಡ್ನಿ ಹೊರಹಾಕಲಾರದು, ಬಿಕ್ಕಳಿಕೆಯಿಂದ ಹಿಡಿದು ಸೆಳವಿನವರೆಗೆ (ಫಿಟ್ಸ್) ತೊಂದರೆಯಾಗುತ್ತದೆ. ಇದು ಪೂರ್ತಿ ನಿಷಿದ್ಧ.

ನೀರಿನ ವಿಷಯಕ್ಕೆ ಬಂದರೆ, ಹೆಚ್ಚು ಕುಡಿದರೆ ಕಿಡ್ನಿ ‘ತೊಳೆದು’ ಹೋಗುವುದಿಲ್ಲ. ಮೂತ್ರ ಕಡಿಮೆಯಾದವರಲ್ಲಿ ಕುಡಿದದ್ದು ಪಾದಕ್ಕೆ, ಆಮೇಲೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮುಂದೆ ಯಾವ ದಾರಿಗಳಿವೆ?

ಇಜಿಎಫ್‌ಆರ್ 20ರ ಆಸುಪಾಸಿಗೆ ಬಂದಾಗಲೇ ಈ ಮಾತುಕತೆ ಶುರುವಾಗಬೇಕು. ಶುರುವಾಯಿತೆಂದರೆ ನಾಳೆಯೇ ಡಯಾಲಿಸಿಸ್ ಎಂದು ಅರ್ಥವಲ್ಲ.

ಹೊಂದುವವರಿಗೆ ಉತ್ತಮ ದಾರಿ ಕಸಿ. 1954ರ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಶಸ್ತ್ರವೈದ್ಯ ಜೋಸೆಫ್ ಮರ್ರಿ ತದ್ರೂಪಿ ಅವಳಿ ಸೋದರರಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಜೋಡಿಸಿದ್ದು ಮೊದಲ ಯಶಸ್ಸು. ಈಗಿನ ಔಷಧಿಗಳಿಂದ ಅವಳಿಗಳೇ ಆಗಬೇಕಾಗಿಲ್ಲ. ಹೊಸ ಕಿಡ್ನಿಯನ್ನು ಕಿಬ್ಬೊಟ್ಟೆಯಲ್ಲಿ ಇಡುತ್ತಾರೆ, ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ದೇಹ ಅದನ್ನು ತಿರಸ್ಕರಿಸದಂತೆ ಜೀವನವಿಡೀ ಮಾತ್ರೆ ಬೇಕು. ಕಸಿಯಿಂದ ರೋಗ ಗುಣವಾಯಿತು ಎನ್ನಲಾಗದು, ಚಿಕಿತ್ಸೆಯ ರೂಪ ಬದಲಾಯಿತು ಎನ್ನಬಹುದು. ಡಯಾಲಿಸಿಸ್ ಮೆಟ್ಟಿಲು ಹತ್ತದೆಯೇ ನೇರವಾಗಿ ಕಸಿ ಮಾಡಿಸಿಕೊಳ್ಳುವ ಅವಕಾಶವೂ ಇದೆ. ಮೊದಲೇ ಯೋಚಿಸಿದ ಮನೆಗಳಿಗೆ ಮಾತ್ರ ಅದು ಸಿಗುತ್ತದೆ.

ಹೆಚ್ಚು ಜನ ಮಾಡಿಸಿಕೊಳ್ಳುವುದು ಯಂತ್ರದ ಡಯಾಲಿಸಿಸ್, ಅಂದರೆ ಹೀಮೊಡಯಾಲಿಸಿಸ್. ನೆದರ್ಲೆಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ 1943ರಲ್ಲಿ, ಯುದ್ಧದ ನಡುವೆ, ಸಾಸೇಜ್ ತುಂಬುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ ಇದನ್ನು ಮಾಡಿದರು. ತತ್ತ್ವ ಇಂದಿಗೂ ಅದೇ: ತೆಳುಪೊರೆಯ ಒಂದು ಬದಿಗೆ ರಕ್ತ, ಇನ್ನೊಂದು ಬದಿಗೆ ಶುದ್ಧ ದ್ರಾವಣ, ಕಸ ತಾನಾಗಿ ಆಚೆ ದಾಟುತ್ತದೆ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿಸಲ ಸುಮಾರು ನಾಲ್ಕು ಗಂಟೆ. ಒಂದು ಸರದಿಯಲ್ಲಿ ನೂರು ಲೀಟರಿಗೂ ಹೆಚ್ಚು ದ್ರಾವಣ ಹರಿಯುತ್ತದೆ, ಆದರೆ ಯಾವುದೇ ಕ್ಷಣದಲ್ಲಿ ದೇಹದ ಹೊರಗಿರುವ ರಕ್ತ ಒಂದು ಲೋಟದಷ್ಟು. ‘ರಕ್ತವನ್ನೆಲ್ಲ ಹೊರತೆಗೆಯುತ್ತಾರೆ’ ಎಂಬ ಭಯ ಇರುವವರಿಗೆ ಇದನ್ನು ಹೇಳಿ.

ಇದಕ್ಕೆ ಮೊದಲು ಕೈಯಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆ ಬೇಕು. ರಕ್ತವನ್ನು ಹೃದಯಕ್ಕೆ ಹಿಂತಿರುಗಿಸುವ ಅಭಿಧಮನಿಯನ್ನು, ಹೃದಯದಿಂದ ರಕ್ತ ತರುವ ಅಪಧಮನಿಗೆ ಹೊಲಿಯುತ್ತಾರೆ. ಸಣ್ಣ ಕಾಲುವೆಗೆ ಹೊಳೆಯ ರಭಸ ತಿರುಗಿಸಿದ ಹಾಗೆ. ಆ ರಭಸಕ್ಕೆ ಅಭಿಧಮನಿ ಉಬ್ಬಿ ದಪ್ಪವಾಗಿ ಸೂಜಿ ತಾಳುವಂತಾಗುತ್ತದೆ. ಈ ಜೋಡಣೆಯನ್ನು ಫಿಸ್ಟುಲಾ ಎನ್ನುತ್ತಾರೆ. ಹದಕ್ಕೆ ಬರಲು ಒಂದೂವರೆಯಿಂದ ಮೂರು ತಿಂಗಳು ಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು. ಅದರ ಮೇಲೆ ಬೆರಳಿಟ್ಟರೆ, ಗುರುಗುಟ್ಟುವ ಬೆಕ್ಕಿನ ಬೆನ್ನ ಮೇಲೆ ಕೈ ಇಟ್ಟ ಹಾಗೆ ಸಣ್ಣ ನಡುಕ ತಿಳಿಯುತ್ತದೆ. ದಿನಕ್ಕೊಮ್ಮೆ ಮುಟ್ಟಿ ನೋಡಬೇಕು. ಗುರುಗುಟ್ಟುವುದು ನಿಂತಿದ್ದರೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು. ಶಸ್ತ್ರಚಿಕಿತ್ಸೆ ಇನ್ನೂ ದೂರವಿದ್ದರೂ ಈಗಿನಿಂದಲೇ ಮುಂಗೈಯ ರಕ್ತನಾಳಗಳನ್ನು ಕಾಪಾಡಿಕೊಳ್ಳಿ, ರಕ್ತ ಬೇಕಾದರೆ ಅಂಗೈಯ ಹಿಂಬದಿಯಿಂದ ತೆಗೆಯಲು ಹೇಳಿ. ಫಿಸ್ಟುಲಾ ಇಲ್ಲದೆ ತುರ್ತಾಗಿ ಶುರು ಮಾಡಬೇಕಾದರೆ ಕುತ್ತಿಗೆಯ ಬಳಿ ಕೊಳವೆ ಹಾಕುತ್ತಾರೆ, ಅದರಲ್ಲಿ ಸೋಂಕಿನ ಭಯ ಹೆಚ್ಚು. ಸಮಯದ ಬೆಲೆ ಕಣ್ಣಿಗೆ ಕಾಣುವುದು ಇಲ್ಲಿ.

ಮೂರನೆಯದು ಹೊಟ್ಟೆಯ ಡಯಾಲಿಸಿಸ್. ಹೊಟ್ಟೆಯ ಒಳಪೊರೆಯೇ ಇಲ್ಲಿ ಜರಡಿ. ಸಣ್ಣ ಕೊಳವೆಯಿಂದ ಸುಮಾರು ಎರಡು ಲೀಟರ್ ದ್ರಾವಣ ತುಂಬಿ, ಕೆಲವು ಗಂಟೆಗಳ ನಂತರ ಇಳಿಸಿ ಬದಲಾಯಿಸುತ್ತಾರೆ. ದಿನಕ್ಕೆ ನಾಲ್ಕು ಸಲ ಕೈಯಿಂದ, ಇಲ್ಲವೇ ರಾತ್ರಿ ಮಲಗಿದಾಗ ಯಂತ್ರದಿಂದ. ಮನೆಯಲ್ಲೇ ಆಗುತ್ತದೆ, ಆದರೆ ಶುಚಿತ್ವದಲ್ಲಿ ರಾಜಿಯಿಲ್ಲ.

ನಾಲ್ಕನೆಯ ದಾರಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಬಹಳ ವಯಸ್ಸಾದ, ಹೃದ್ರೋಗ ಮೊದಲಾದವುಗಳಿಂದ ಜರ್ಜರಿತರಾದವರಲ್ಲಿ ಡಯಾಲಿಸಿಸ್ ಆಯುಷ್ಯಕ್ಕೆ ಸೇರಿಸುವುದು ಕಡಿಮೆ, ಆಸ್ಪತ್ರೆಯ ದಿನಗಳಿಗೆ ಸೇರಿಸುವುದು ಹೆಚ್ಚು. ಅಂಥವರು ಡಯಾಲಿಸಿಸ್ ಬೇಡವೆಂದು, ತುರಿಕೆ, ಉಬ್ಬಸ, ನೋವುಗಳಿಗೆ ಚಿಕಿತ್ಸೆ ಪಡೆಯುತ್ತ ಮನೆಯಲ್ಲಿರುವುದನ್ನು ಆರಿಸಿಕೊಳ್ಳಬಹುದು. ಇದೂ ವೈದ್ಯರ ನಿಗಾದಲ್ಲಿ ನಡೆಯುವ ಚಿಕಿತ್ಸೆಯೇ. ಕೈಬಿಡುವುದು ಎಂದು ಭಾವಿಸಬೇಕಾಗಿಲ್ಲ.

ಡಯಾಲಿಸಿಸ್ ಬೇಗ ಶುರು ಮಾಡಿದರೆ ಒಳ್ಳೆಯದಲ್ಲವೇ?

ಹಾಗೆಯೇ ಎಲ್ಲರೂ ಭಾವಿಸಿದ್ದರು. 2010ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 828 ರೋಗಿಗಳ ಅಧ್ಯಯನದಲ್ಲಿ ಒಂದು ಗುಂಪಿಗೆ ಬೇಗ, ಇನ್ನೊಂದಕ್ಕೆ ತಡವಾಗಿ ಶುರು ಮಾಡುವ ಯೋಜನೆ ಹಾಕಿದರು. ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಈಗ ಅಂಕಿಯೊಂದನ್ನೇ ನೋಡಿ ನಿರ್ಧರಿಸುವುದಿಲ್ಲ. ಹತೋಟಿಗೆ ಬಾರದ ಊತ, ಪೊಟ್ಯಾಸಿಯಂ, ವಾಕರಿಕೆ, ತೂಕ ಇಳಿತ, ಮಂಕು, ಇವನ್ನು ನೋಡುತ್ತಾರೆ. ತಯಾರಿ ಬೇಗ ಆಗಬೇಕು, ಆರಂಭ ಬೇಕಾದಾಗ ಆಗಬೇಕು.

ಮನಸ್ಸಿನ ಮಾತು

ಮೃದು ಸ್ವಭಾವದ ತಂದೆ ಸಣ್ಣದಕ್ಕೆಲ್ಲ ಸಿಡುಕುತ್ತಾರೆ, ಹೇಳಿದ್ದನ್ನೇ ಮರೆಯುತ್ತಾರೆ, ಹಗಲು ತೂಕಡಿಸಿ ರಾತ್ರಿ ಎದ್ದು ಕೂರುತ್ತಾರೆ. ರಕ್ತದಲ್ಲಿ ಕಲ್ಮಷ ಏರಿದಾಗ, ರಕ್ತಹೀನತೆ ಹೆಚ್ಚಿದಾಗ ಮಿದುಳೂ ಬಳಲುತ್ತದೆ. ಅದರ ಮೇಲೆ ಖಿನ್ನತೆ, ಈ ರೋಗಿಗಳಲ್ಲಿ ತೀರಾ ಸಾಮಾನ್ಯ. ಚಿಕಿತ್ಸೆ ಇದೆ, ಆದರೆ ‘ಕಾಯಿಲೆಯವರಿಗೆ ಬೇಸರ ಸಹಜ’ ಎಂದು ಯಾರೂ ವೈದ್ಯರಿಗೆ ಹೇಳುವುದಿಲ್ಲ.

ಮನೆಯವರು ತಮಗೇ ತಿಳಿಯದೆ ಕಾವಲುಗಾರರಾಗಿಬಿಡುತ್ತಾರೆ. ಲೋಟ ಎಣಿಸುವುದು, ತಟ್ಟೆಗೆ ಇಣುಕುವುದು, ಬಂದವರೆದುರು ‘ಇವರು ಹೇಳಿದ ಮಾತು ಕೇಳುವುದಿಲ್ಲ’ ಎಂದು ದೂರುವುದು. ಅದಕ್ಕೆ ಉತ್ತರವಾಗಿ ರೋಗಿ ಬಚ್ಚಲಿಗೆ ಹೋಗಿ ಗುಟ್ಟಾಗಿ ನೀರು ಕುಡಿಯುತ್ತಾರೆ. ಜಗಳದ ಬದಲು ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿ ಅವರ ಕೈಗೇ ಕೊಟ್ಟರೆ, ಯಾವಾಗ ಎಷ್ಟು ಕುಡಿಯಬೇಕೆಂಬ ಯಜಮಾನಿಕೆ ಅವರದೇ ಆಗುತ್ತದೆ. ವೈದ್ಯರ ಕೊಠಡಿಯಲ್ಲೂ ಹಾಗೆಯೇ. ಪ್ರಶ್ನೆ ರೋಗಿಗೆ ಬಂದಾಗ ಮಗ ಉತ್ತರಿಸುವುದನ್ನು ನಿಲ್ಲಿಸಬೇಕು.

ಮನೆಯಲ್ಲಿ ಒಬ್ಬರ ಮೇಲೇ ಹೊರೆ ಬೀಳುವುದು ಇನ್ನೊಂದು ವಾಸ್ತವ. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ವರ್ಷಗಟ್ಟಲೆ ನಡೆಯುವಂಥದು. ಮೊದಲ ತಿಂಗಳ ಉತ್ಸಾಹದ ಮೇಲೆ ಅದನ್ನು ಕಟ್ಟಬೇಡಿ. ಯಾವ ದಿನ ಯಾರು ಎಂಬುದನ್ನು ಆರಂಭದಲ್ಲೇ ಹಂಚಿಕೊಳ್ಳಿ, ದೂರದಲ್ಲಿರುವವರಿಗೆ ಲೆಕ್ಕಪತ್ರ, ವಿಮೆ, ಔಷಧಿ ತರಿಸುವ ಕೆಲಸ ಕೊಡಿ.

ಕಿಡ್ನಿ ಕೊಡುವವರು ಯಾರು?

ಈ ಪ್ರಶ್ನೆಯನ್ನು ಬಹಿರಂಗವಾಗಿ ಕೇಳುವ ಮೊದಲೇ ಮನೆಯಲ್ಲಿ ಮೌನವೊಂದು ಬಂದು ಕೂರುತ್ತದೆ. ತಿಳಿದಿರಬೇಕಾದದ್ದು ಇಷ್ಟು. ದಾನಿಯನ್ನು ಕೂಲಂಕಷವಾಗಿ ಪರೀಕ್ಷಿಸಿ, ಆರೋಗ್ಯವಂತರೆಂದು ಖಚಿತವಾದ ಮೇಲಷ್ಟೇ ಒಪ್ಪುತ್ತಾರೆ. ಉಳಿದ ಕಿಡ್ನಿ ಬೆಳೆದು ಕೊರತೆಯನ್ನು ಒಂದಿಷ್ಟು ತುಂಬಿಕೊಳ್ಳುತ್ತದೆ. ಅಪಾಯ ಕಡಿಮೆ, ಸೊನ್ನೆಯಲ್ಲ. ರಕ್ತದ ಗುಂಪು ಹೊಂದದಿದ್ದರೂ ಇನ್ನೊಂದು ಜೋಡಿಯೊಡನೆ ಅದಲುಬದಲು ಮಾಡಿಕೊಳ್ಳುವಂಥ ದಾರಿಗಳಿವೆ. ಗುಳ್ಳೆಗಟ್ಟುವ ಕಿಡ್ನಿ ರೋಗದ ಸಾಮಾನ್ಯ ವಂಶಪಾರಂಪರ್ಯ ಬಗೆಯಾದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ, ಹಾಗಾಗಿ ಮಕ್ಕಳು ಮೊದಲು ತಮ್ಮ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಒಪ್ಪದಿರುವ ಹಕ್ಕು ದಾನಿಗೆ ಕೊನೆಯ ಗಳಿಗೆಯವರೆಗೂ ಇದೆ. ಅನೇಕ ಕಸಿ ಕೇಂದ್ರಗಳಲ್ಲಿ ದಾನಿಯೊಡನೆ ಪ್ರತ್ಯೇಕವಾಗಿ ಮಾತಾಡುತ್ತಾರೆ, ಹಿಂದೆ ಸರಿದರೆ ಕಾರಣವನ್ನು ಗುಟ್ಟಾಗಿಡುತ್ತಾರೆ. ‘ಹೊಂದಲಿಲ್ಲ’ ಎಂದಷ್ಟೇ ಮನೆಗೆ ತಿಳಿದುಬಂದರೆ, ಏಕೆ ಎಂದು ಕೆದಕದಿರುವುದು ಲೇಸು.

ಮುಂದಿನ ಭೇಟಿಯವರೆಗೆ ಕಾಯಬಾರದ ಲಕ್ಷಣಗಳು

ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು, ಎದೆನೋವು, ಕಾಲುಗಳಲ್ಲಿ ಹಠಾತ್ ನಿಶ್ಶಕ್ತಿ ಅಥವಾ ಎದೆಬಡಿತ ತಪ್ಪಿದ ಅನುಭವ, ಗೊಂದಲದ ಮಾತು, ಸೆಳವು, ಮೂತ್ರ ಪೂರ್ತಿ ನಿಲ್ಲುವುದು. ಕೊಳವೆ ಇರುವವರಿಗೆ ಚಳಿಜ್ವರ ಬಂದರೆ, ಹೊಟ್ಟೆಯ ಡಯಾಲಿಸಿಸ್‌ನವರಲ್ಲಿ ಹೊರಬಂದ ದ್ರಾವಣ ಕದಡಿದಂತೆ ಕಂಡರೆ, ಅದೂ ತುರ್ತೇ. ಫಿಸ್ಟುಲಾದಿಂದ ರಕ್ತ ಚಿಮ್ಮಿದರೆ ಆ ಜಾಗವನ್ನೇ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಒತ್ತಿದ ಬೆರಳು ತೆಗೆಯದೆಯೇ ಸಹಾಯಕ್ಕೆ ಕೂಗಿ.